ಕೊಡಲಿಕ್ಕುಂಟು ಎಂಬ ಪುಟ

ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಸಲದ ವಿಷಯ: ಸರ್ಕಾರದ ದುಡ್ಡು, ಅದರ ಲೆಕ್ಕ. ಉತ್ತರಿಸಿದವರು ಕಾಸರಗೋಡು ಜಿಲ್ಲೆಯ ಪಂಚಾಯತುಗಳಲ್ಲಿ 31 ವರ್ಷ ಲೆಕ್ಕ ಬರೆದು ನಿವೃತ್ತರಾದ ಅಕೌಂಟೆಂಟ್.

ಪ್ರಶ್ನೆ: ಅಕ್ಕಾ, ನಮ್ಮ ಮನೆಯವರು ಪಂಚಾಯತಿನ ಸಣ್ಣಪುಟ್ಟ ಕೆಲಸ ಹಿಡಿಯುವ ಕಂಟ್ರಾಕ್ಟರ್. ಫೆಬ್ರವರಿಯಲ್ಲಿ ಒಂದು ಕಾಲುದಾರಿಗೆ ಕಾಂಕ್ರೀಟ್ ಹಾಕಿ ಮುಗಿಸಿದರು. ಬಿಲ್ಲು ನಾಲ್ಕು ಲಕ್ಷ. ಎಂಟು ತಿಂಗಳಾಯಿತು, ಕೇಳಿದರೆ "ಟ್ರೆಜರಿಯಲ್ಲಿ ಕ್ಯೂನಲ್ಲಿದೆ" ಎನ್ನುತ್ತಾರೆ. ಸಿಮೆಂಟಿನ ಅಂಗಡಿಯವರಿಗೆ ಕೊಡಲಿಕ್ಕೆ ನನ್ನ ಬಳೆ ಅಡವಿಟ್ಟಿದ್ದೇವೆ. ಸರ್ಕಾರದ ಹತ್ತಿರ ನಿಜಕ್ಕೂ ದುಡ್ಡಿಲ್ಲವೇ? (ಓದುಗರು, ಪೆರ್ಲ)

ಉತ್ತರ: ತಂಗೀ, ಬಳೆಯ ಸುದ್ದಿಯನ್ನು ಎರಡು ಸಲ ಓದಿದೆ. ನಾನು ಕೌಂಟರಿನ ಈಚೆ ಕೂತಿದ್ದವಳು. ಹೀಗೆ ಕೇಳಿಕೊಂಡು ಬಂದವರಿಗೆ "ಮುಂದಿನ ವಾರ ನೋಡುವ" ಎಂದು ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗ ನನಗೂ ಗೊತ್ತಿತ್ತು, ಮುಂದಿನ ವಾರ ಆಗುವುದಿಲ್ಲ ಎಂದು. ಆದ್ದರಿಂದ ಇವತ್ತು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ನಮ್ಮ ಅಪ್ಪ ಅಡಿಕೆ ತೋಟದವರು. ಅವರ ಹತ್ತಿರ ಉದ್ದ ರಟ್ಟಿನ ಒಂದು ಲೆಕ್ಕದ ಪುಸ್ತಕ ಇತ್ತು. ಎಡಬದಿಗೆ ಬಂದದ್ದು, ಬಲಬದಿಗೆ ಹೋದದ್ದು. ಕೊನೆಯ ಪುಟಕ್ಕೆ ಮಾತ್ರ ಬೇರೆ ತಲೆಬರಹ: "ಕೊಡಲಿಕ್ಕುಂಟು". ಮಳೆಗಾಲದಲ್ಲಿ ಮರಕ್ಕೆ ಮದ್ದು ಬಿಟ್ಟವರ ಸಂಬಳ, ಗೊಬ್ಬರದ ದುಡ್ಡು, ಅಂಗಡಿಯ ಬಾಕಿ, ಎಲ್ಲ ಅಲ್ಲಿ. ಅಡಿಕೆ ಮಾರಿ ದುಡ್ಡು ಕೈಗೆ ಬಂದ ದಿನ ಅಪ್ಪ ಮೊದಲು ಬಿಡಿಸುತ್ತಿದ್ದದ್ದು ಆ ಕೊನೆಯ ಪುಟ. ಒಬ್ಬೊಬ್ಬರಿಗೆ ಕೊಟ್ಟ ಹಾಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ದರ ಚೆನ್ನಾಗಿದ್ದ ವರ್ಷ ಅಮ್ಮ ಏನಾದರೂ ಕೊಳ್ಳುವ ಮಾತು ತೆಗೆದರೆ, "ಆ ಪುಟ ಖಾಲಿಯಾಗಲಿ, ಆಮೇಲೆ ಮಾತಾಡುವ" ಎನ್ನುತ್ತಿದ್ದರು.

ಸರ್ಕಾರದ ಲೆಕ್ಕದಲ್ಲಿ ಇಲ್ಲದ ಪುಟ ಇದೇ. ನಮ್ಮ ದೇಶದಲ್ಲಿ ಕೇಂದ್ರ, ರಾಜ್ಯ ಎರಡೂ ಲೆಕ್ಕ ಬರೆಯುವುದು ನಗದಿನ ಆಧಾರದಲ್ಲಿ. ದುಡ್ಡು ಖಜಾನೆಯಿಂದ ಹೊರಗೆ ಹೋದ ದಿನವೇ ಅದು ಖರ್ಚು. ನಿಮ್ಮವರು ಕಾಂಕ್ರೀಟ್ ಹಾಕಿ ಆಯಿತು, ಓವರ್‌ಸಿಯರ್ ಅಳತೆ ಮಾಡಿ ಪುಸ್ತಕದಲ್ಲಿ ಬರೆದೂ ಆಯಿತು, ಊರಿನ ಮಕ್ಕಳು ಆ ದಾರಿಯಲ್ಲೇ ಶಾಲೆಗೆ ಹೋಗುತ್ತಿದ್ದಾರೆ. ಆದರೆ ರಾಜ್ಯದ ಲೆಕ್ಕದಲ್ಲಿ ಆ ನಾಲ್ಕು ಲಕ್ಷ ಇನ್ನೂ ಖರ್ಚೇ ಆಗಿಲ್ಲ. ಬಜೆಟ್ ದಿನ ಟಿವಿಯಲ್ಲಿ ಹೇಳುವ ಕೊರತೆಯ, ಅಂದರೆ ಆದಾಯ ಮೀರಿದ ಖರ್ಚಿನ, ಅಂಕಿಯಲ್ಲೂ ಅದು ಸೇರಿಲ್ಲ. ಮಾರ್ಚ್ 31ಕ್ಕೆ ಕೊಡಬೇಕಾದ್ದನ್ನು ಏಪ್ರಿಲ್ 1ಕ್ಕೆ ತಳ್ಳಿದರೆ ಸಾಕು, ಆ ವರ್ಷದ ಕೊರತೆ ಕಾಗದದ ಮೇಲೆ ಕಡಿಮೆ ಕಾಣುತ್ತದೆ. ಪಂಚಾಯತುಗಳಲ್ಲಿ ಈಗ ಕಂಪ್ಯೂಟರಿನಲ್ಲಿ ಡಬಲ್ ಎಂಟ್ರಿ ಲೆಕ್ಕ ಬಂದಿದೆ, ಬಾಕಿಯನ್ನೂ ಬರೆಯಬೇಕು. ಆದರೆ ದುಡ್ಡಿನ ನಲ್ಲಿ ಇರುವುದು ಮೇಲೆ, ಟ್ರೆಜರಿಯಲ್ಲಿ.

ದುಡ್ಡಿಲ್ಲವೇ ಎಂದು ಕೇಳಿದ್ದೀರಿ. ಬಿಗಿ ಇರುವುದು ನಿಜ. ಕೇರಳದ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಸಂಬಳ, ಪಿಂಚಣಿ, ಬಡ್ಡಿ ಈ ಮೂರಕ್ಕೇ ಹೋಗುತ್ತದೆ. ನನ್ನ ಪಿಂಚಣಿಯೂ ಅದರಲ್ಲೇ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ತಿಂಗಳ ಮೊದಲ ವಾರ ಈ ಮೂರನ್ನು ನಿಲ್ಲಿಸಲಿಕ್ಕೆ ಆಗುವುದಿಲ್ಲ. ನಿಲ್ಲಿಸಬಹುದಾದದ್ದು ನಿಮ್ಮಂಥವರ ಬಿಲ್ಲು. ಒಂದು ಮೊತ್ತಕ್ಕಿಂತ ಮೇಲಿನ ಬಿಲ್ಲಿಗೆ ತಿರುವನಂತಪುರದ ಅನುಮತಿ ಬೇಕು ಎಂದು ಆದೇಶ ಬರುತ್ತದೆ. ಕೆಳಗಿನವರು "ಕ್ಯೂ" ಎನ್ನುತ್ತಾರೆ. ಕ್ಯೂ ಎಂದರೆ ಸಾಲ, ತಂಗೀ. ನಿಮ್ಮಿಂದ ಬಡ್ಡಿಯಿಲ್ಲದೆ, ಕೇಳದೆ ತೆಗೆದುಕೊಂಡ ಸಾಲ.

ಅದರ ಬಡ್ಡಿ ಕಟ್ಟುತ್ತಿರುವವರು ನೀವು. ನಾಲ್ಕು ಲಕ್ಷಕ್ಕೆ ವರ್ಷಕ್ಕೆ 12 ಶೇಕಡ ಎಂದಿಟ್ಟುಕೊಳ್ಳಿ, ಎಂಟು ತಿಂಗಳಿಗೆ 32,000 ರೂಪಾಯಿ. ಸಣ್ಣ ಕೆಲಸದಲ್ಲಿ ಉಳಿಯುವುದೇ ಅಷ್ಟರ ಆಸುಪಾಸು. ಮುಂದಿನ ಸಲ ನಿಮ್ಮವರು ಏನು ಮಾಡುತ್ತಾರೆ? ಒಂದೋ ಟೆಂಡರ್ ಹಾಕುವುದಿಲ್ಲ, ಇಲ್ಲವೇ ಆ 32,000ವನ್ನು ಮೊದಲೇ ಸೇರಿಸಿ ದರ ಬರೆಯುತ್ತಾರೆ. ಎರಡೂ ಆಗದಿದ್ದರೆ ಸಿಮೆಂಟು ಕಡಿಮೆ ಹಾಕುವ ಯೋಚನೆ ಬರುತ್ತದೆ. ನಾನು ಕೆಲಸ ಮಾಡಿದ ಒಂದು ಪಂಚಾಯತಿನಲ್ಲಿ ಒಂದೇ ಚರಂಡಿ ಕೆಲಸಕ್ಕೆ ಮೂರು ಸಲ ಟೆಂಡರ್ ಕರೆದೆವು, ಒಬ್ಬರೂ ಬರಲಿಲ್ಲ. ಹಳೆ ಬಾಕಿ ಸಿಗದವರು ಹೊಸ ಕೆಲಸಕ್ಕೆ ಯಾಕೆ ಬರುತ್ತಾರೆ? ಬಾಕಿ ಇಟ್ಟು ಸರ್ಕಾರ ಉಳಿಸಿದ್ದು ಏನೂ ಇಲ್ಲ. ರಸ್ತೆ, ಚರಂಡಿ ಎಲ್ಲದಕ್ಕೂ ಜಾಸ್ತಿ ಬೆಲೆ ಕೊಡುತ್ತಿದೆ, ಅಷ್ಟೇ.

ಈ ವರ್ಷದ ಬಾಕಿ ಬರುವ ವರ್ಷದ ಪ್ಲಾನ್ ಫಂಡನ್ನು, ಅಂದರೆ ಅಭಿವೃದ್ಧಿ ಕೆಲಸಕ್ಕೆ ರಾಜ್ಯ ಕೊಡುವ ದುಡ್ಡನ್ನು, ತಿನ್ನುತ್ತದೆ ಎಂಬುದು ಇನ್ನೊಂದು ಸಂಕಟ. ಆಫೀಸಿನಲ್ಲಿ ಅದಕ್ಕೆ "ಸ್ಪಿಲ್ ಓವರ್" ಎನ್ನುತ್ತೇವೆ. ಗ್ರಾಮಸಭೆಯಲ್ಲಿ ಜನ ಹೊಸ ಕೆಲಸ ಹೇಳಿ, ಕೈ ಎತ್ತಿ, ಪಟ್ಟಿ ಮಾಡಿ ಹೋಗುತ್ತಾರೆ. ಮೊದಲ ಕಂತು ಬಂದಾಗ ಅದರಲ್ಲಿ ದೊಡ್ಡ ಪಾಲು ಹಳೆ ಬಿಲ್ಲಿಗೆ ಮುಗಿದಿರುತ್ತದೆ. ಜನರಿಗೆ ಅದು ಗೊತ್ತಾಗುವುದಿಲ್ಲ. ಮೆಂಬರ್ ಮೋಸ ಮಾಡಿದ ಎಂದುಕೊಳ್ಳುತ್ತಾರೆ.

ನನ್ನನ್ನು ಕೇಳಿದರೆ ಮೊದಲು ಮಾಡಬೇಕಾದ ಕೆಲಸ ಅಪ್ಪನ ಕೊನೆಯ ಪುಟ. ಪ್ರತಿ ಪಂಚಾಯತು, ಪ್ರತಿ ಇಲಾಖೆ ಮೂರು ತಿಂಗಳಿಗೊಮ್ಮೆ ಬಾಕಿ ಬಿಲ್ಲಿನ ಪಟ್ಟಿ ಗೋಡೆಗೆ ಹಚ್ಚಲಿ. ಯಾವ ಕೆಲಸ, ಎಷ್ಟು ದುಡ್ಡು, ಯಾವ ದಿನ ಬಿಲ್ಲು ಕೊಟ್ಟದ್ದು, ಇಷ್ಟು ಸಾಕು. ಮೊದಲು ಬಂದ ಬಿಲ್ಲಿಗೆ ಮೊದಲು ದುಡ್ಡು. ಮೇಲಿಂದ ಫೋನ್ ಬಂದವರ ಬಿಲ್ಲು ಮುಂದೆ ಹಾರುವುದು ಪಟ್ಟಿ ಗೋಡೆಯ ಮೇಲಿದ್ದರೆ ಕಷ್ಟವಾಗುತ್ತದೆ. ಯಾವ ತಿಂಗಳು ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂದು ಮೊದಲೇ ಬರೆದಿಟ್ಟು, ಅಷ್ಟಕ್ಕೆ ಮಾತ್ರ ವರ್ಕ್ ಆರ್ಡರ್ ಕೊಡಲಿ.

ಬಿಗಿ ಇರುವಾಗಲೇ ಇನ್ನೊಂದು ಕಡೆ ದುಡ್ಡು ಸುಮ್ನೆ ಮಲಗಿರುವುದೂ ಉಂಟು. ಕೇಂದ್ರದ ಯೋಜನೆಗಳ ದುಡ್ಡು ಮೊದಲೆಲ್ಲ ಸಾವಿರಾರು ಬ್ಯಾಂಕ್ ಖಾತೆಗಳಲ್ಲಿ ಚೂರುಚೂರಾಗಿ ಬಿದ್ದಿರುತ್ತಿತ್ತು. ಅತ್ತ ಸರ್ಕಾರ ಬಡ್ಡಿಗೆ ಸಾಲ ತೆಗೆಯುತ್ತಿತ್ತು. 2021ರ ಜುಲೈಯಿಂದ ಒಂದು ಯೋಜನೆಗೆ ಒಂದು ರಾಜ್ಯದಲ್ಲಿ ಒಂದೇ ಮುಖ್ಯ ಖಾತೆ ಎಂದು ಮಾಡಿದರು. ಇದು ಒಳ್ಳೆಯ ಕೆಲಸ, ಒಪ್ಪಲೇಬೇಕು.

ನೀವು ಈಗ ಮಾಡಬಹುದಾದದ್ದು: ಬಿಲ್ಲು ಟ್ರೆಜರಿಗೆ ಹೋದ ತಾರೀಕು, ಕ್ಯೂನಲ್ಲಿ ಎಷ್ಟನೆಯದು, ನಿಮ್ಮ ನಂತರ ಕೊಟ್ಟ ಯಾವ ಬಿಲ್ಲಿಗಾದರೂ ಪಾವತಿ ಆಗಿದೆಯೇ, ಈ ಮೂರನ್ನು ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಅರ್ಜಿಯಲ್ಲಿ ಸಿಟ್ಟು ಬರೆಯಬೇಡಿ. ಮೂರನೆಯ ಪ್ರಶ್ನೆಯೇ ಸಾಕು.

ಪ್ರಶ್ನೆ: ನಮ್ಮ ತೋಡಿಗೆ ಅಡ್ಡ ಕಟ್ಟ ಕಟ್ಟಲಿಕ್ಕೆ ಪಂಚಾಯತಿನಿಂದ ಸಹಾಯ ಸಿಗುತ್ತದೆ ಎಂದರು. ದುಡ್ಡು ಮಂಜೂರಾದದ್ದು ಮಾರ್ಚಿಗೆ. ಅಷ್ಟರಲ್ಲಿ ತೋಡೇ ಬತ್ತಿತ್ತು. ಆದರೂ "ಬೇಗ ಮಾಡಿ, ಇಲ್ಲದಿದ್ದರೆ ಲ್ಯಾಪ್ಸ್ ಆಗುತ್ತದೆ" ಎಂದು ಅವಸರ ಮಾಡಿದರು. ಇದೆಂಥ ಲೆಕ್ಕ? (ಓದುಗರು, ಬದಿಯಡ್ಕ)

ಉತ್ತರ: ಅಣ್ಣಾ, ನಮ್ಮ ಕಡೆ ಕಟ್ಟ ಎಂದರೇನೆಂದು ಬೇರೆ ಊರಿನ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಮಳೆ ನಿಂತು ತೋಡಿನ, ಅಂದರೆ ಸಣ್ಣ ಹಳ್ಳದ, ನೀರು ಇಳಿಯುವಾಗ ಕಲ್ಲು, ಮಣ್ಣು, ಈಗೀಗ ಪ್ಲಾಸ್ಟಿಕ್ ಹಾಳೆ ಹಾಕಿ ಅಡ್ಡ ಕಟ್ಟುವುದು. ನೀರು ನಿಂತು ಆಚೀಚೆ ಇಂಗುತ್ತದೆ, ಬಾವಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗ ಎಲ್ಲದಕ್ಕೂ ಒರತೆ ಬರುತ್ತದೆ. ಜೂನಿನ ಮಳೆಗೆ ಅದು ಕೊಚ್ಚಿಕೊಂಡು ಹೋಗುತ್ತದೆ, ಮರುವರ್ಷ ಪುನಃ ಕಟ್ಟುವುದು. ನಮ್ಮ ಜಿಲ್ಲೆಯ ಏತಡ್ಕದ ಕಟ್ಟಗಳು ಹೆಸರು ಮಾಡಿವೆ. ಊರವರೇ ಸೇರಿ, ಖರ್ಚು ಹಂಚಿಕೊಂಡು, ಕೈಯಾರೆ ಕಟ್ಟುವ ಕೆಲಸ ಅದು.

ಕಟ್ಟಕ್ಕೆ ಹೊತ್ತು ಇರುವುದು ನವೆಂಬರ್, ಡಿಸೆಂಬರ್. ತಪ್ಪಿದರೆ ಜನವರಿ. ಸರ್ಕಾರದ ವರ್ಷ ಮುಗಿಯುವುದು ಮಾರ್ಚಿಗೆ, ಅಷ್ಟರೊಳಗೆ ಖರ್ಚಾಗದ ದುಡ್ಡು ಕೈತಪ್ಪುತ್ತದೆ, ಅದೇ ಲ್ಯಾಪ್ಸ್. ನೀರಿಗೆ ಏಪ್ರಿಲ್ 1 ಎಂದರೆ ಏನೆಂದು ಗೊತ್ತಿಲ್ಲ.

ಆ ಮಾರ್ಚ್ 31ರ ರಾತ್ರಿ ಹೇಗಿರುತ್ತದೆ ಎಂದು ನೋಡಿದವರಿಗೇ ಗೊತ್ತು. ಟ್ರೆಜರಿಯಲ್ಲಿ ದೀಪ ಆರುವುದಿಲ್ಲ. ವರಾಂಡದಲ್ಲಿ ಬೇರೆಬೇರೆ ಆಫೀಸಿನವರು ಬಿಲ್ಲಿನ ಕಟ್ಟು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಾರೆ. ಒಂದು ವರ್ಷ ನನ್ನ ಬಿಲ್ಲು ವಾಪಸ್ ಬಂತು, ಒಂದು ಸಹಿ ಇಲ್ಲ ಎಂದು. ರಾತ್ರಿ ಒಂಬತ್ತೂವರೆಗೆ ರಿಕ್ಷಾ ಹಿಡಿದು ಸೆಕ್ರೆಟರಿ ಮನೆಗೆ ಹೋಗಿ, ಅವರು ಊಟದ ಕೈ ತೊಳೆದು ಬಂದು ಸಹಿ ಹಾಕಿ, ಮತ್ತೆ ಓಡಿ ಬಂದೆ. ಹಸಿ ಶಾಯಿ ಪಕ್ಕದ ಕಾಗದಕ್ಕೆ ಹತ್ತಿತ್ತು. ಆ ಬಿಲ್ಲು ಪಾಸಾಯಿತು. ನನಗೆ ದೊಡ್ಡ ಸಾಧನೆ ಮಾಡಿದಷ್ಟು ಖುಷಿ. ಯಾವುದರ ಬಿಲ್ಲು ಎಂದು ಈಗ ನೆನೆದರೆ ಬೇಸರವಾಗುತ್ತದೆ: ಶಾಲೆಗೆ ಬೆಂಚು. ಮಕ್ಕಳಿಗೆ ಆ ವರ್ಷದ ಪಾಠ ಮುಗಿದು ರಜೆ ಶುರುವಾಗಿತ್ತು.

ಅವಸರದ ಖರ್ಚು ತಪ್ಪು ಎಂದು ಸರ್ಕಾರಕ್ಕೂ ಗೊತ್ತು. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲೇ ವರ್ಷದ ಕೊನೆಯ ತಿಂಗಳುಗಳಲ್ಲಿ ಖರ್ಚು ನುಗ್ಗಿಸುವುದು ಹಣಕಾಸಿನ ಶಿಸ್ತಿಗೆ ವಿರುದ್ಧ ಎಂದು ಬರೆದಿದೆ. ಕೇಂದ್ರದ ಇಲಾಖೆಗಳಿಗೆ ಮಿತಿಯೂ ಇದೆ: ಕೊನೆಯ ಮೂರು ತಿಂಗಳಲ್ಲಿ ಬಜೆಟಿನ 33 ಶೇಕಡಕ್ಕಿಂತ ಜಾಸ್ತಿ ಇಲ್ಲ, ಮಾರ್ಚಿನಲ್ಲಿ 15ಕ್ಕಿಂತ ಜಾಸ್ತಿ ಇಲ್ಲ. ಆದರೆ ಮಿತಿ ಹಾಕಿದರೆ ಸಾಲದು. ಪಂಚಾಯತಿನ ಕೈಗೆ ದುಡ್ಡೇ ತಡವಾಗಿ ಬಂದರೆ ಅವರು ಎಲ್ಲಿಂದ ಬೇಗ ಖರ್ಚು ಮಾಡುತ್ತಾರೆ?

ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಮಣ್ಣಿನ ಕೆಲಸ ಆಗುವುದಿಲ್ಲ. ಕಾಗದದ ಕೆಲಸ ಆಗುತ್ತದೆ, ಅಲ್ವಾ? ಎಸ್ಟಿಮೇಟ್, ತಾಂತ್ರಿಕ ಅನುಮತಿ, ಟೆಂಡರ್ ಇವೆಲ್ಲ ಮಳೆಗಾಲದಲ್ಲೇ ಮುಗಿಯಲಿ. ಅಕ್ಟೋಬರಿಗೆ ವರ್ಕ್ ಆರ್ಡರ್ ಕೈಯಲ್ಲಿರಲಿ. ಮೇಲಿಂದ ಕಂತು ಬರುವ ತಾರೀಕನ್ನು ಏಪ್ರಿಲಿನಲ್ಲೇ ಹೇಳಿಬಿಡಲಿ, ಹೇಳಿದ ದಿನ ಕೊಡಲಿ. ಹೀಗೆ ಮಾಡಲಿಕ್ಕೆ ಹೊಸ ಕಾನೂನು ಬೇಡ, ಒಂದು ರೂಪಾಯಿ ಜಾಸ್ತಿ ಖರ್ಚಿಲ್ಲ.

ಇನ್ನೊಂದು ವಿಷಯ ಗಮನಿಸಿ. ಕೇಂದ್ರದ ದುಡ್ಡನ್ನು ರಾಜ್ಯ, ಪಂಚಾಯತುಗಳಿಗೆ ಹೇಗೆ ಹಂಚಬೇಕು ಎಂದು ಹೇಳುವ 15ನೇ ಹಣಕಾಸು ಆಯೋಗ 2021ರಿಂದ 2026ರ ತನಕ ಪಂಚಾಯತುಗಳಿಗೆ ಹೇಳಿದ ಅನುದಾನದಲ್ಲಿ 60 ಶೇಕಡವನ್ನು ನೈರ್ಮಲ್ಯಕ್ಕೆ, ಕುಡಿಯುವ ನೀರು ಮತ್ತು ಮಳೆನೀರು ಹಿಡಿದಿಡುವುದಕ್ಕೆ ಮೀಸಲು ಇಟ್ಟಿತ್ತು. ನಿಮ್ಮ ತೋಡಿನ ಕಟ್ಟದಿಂದ ಎಷ್ಟು ಬಾವಿಗೆ ನೀರು ಬರುತ್ತದೆ ಎಂದು ಎಣಿಸಿ, ಬಾವಿಗಳ ಪಟ್ಟಿ ಸಮೇತ ಗ್ರಾಮಸಭೆಗೆ ಕೊಡಿ. ಜೂನಿನ ಗ್ರಾಮಸಭೆಗೇ ಕೊಡಿ.

ಪ್ರಶ್ನೆ: ಮನೆ ತೆರಿಗೆ ಪ್ರತಿ ವರ್ಷ ಏರುತ್ತಿದೆ. ಪಂಚಾಯತು ಏನೂ ಮಾಡುವುದಿಲ್ಲ, ನಾನು ಯಾಕೆ ಕಟ್ಟಬೇಕು? (ಓದುಗರು, ಉಪ್ಪಳ)

ಉತ್ತರ: ಕಟ್ಟಿ. 2023ರ ಏಪ್ರಿಲಿನಿಂದ ಕೇರಳದಲ್ಲಿ ಇದು ವರ್ಷಕ್ಕೆ 5 ಶೇಕಡ ಏರುತ್ತದೆ. ಹತ್ತು ವರ್ಷ ಮುಟ್ಟದೆ ಇಟ್ಟು ಒಮ್ಮೆಲೇ ಇಮ್ಮಡಿ ಮಾಡುವುದಕ್ಕಿಂತ ಇದು ವಾಸಿ. ಪಂಚಾಯತಿಗೆ ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ದುಡ್ಡು ಎಂದರೆ ಇದು, ಕಸುಬು ತೆರಿಗೆ, ಅಂಗಡಿ ಕೋಣೆಯ ಬಾಡಿಗೆ, ಲೈಸೆನ್ಸ್ ಫೀಸು, ಇಷ್ಟೇ. ಬೀದಿದೀಪ ಕೆಟ್ಟರೆ ಮರುದಿನ ಹಾಕಿಸುವ ಶಕ್ತಿ ಬರುವುದು ಈ ದುಡ್ಡಿನಿಂದ. ಕಟ್ಟಿದ ರಶೀದಿ ಹಿಡಿದುಕೊಂಡು ಹೋಗಿ ದೀಪ ಯಾಕಿಲ್ಲ ಎಂದು ಕೇಳಿ. ಆಗ ನಿಮ್ಮ ಮಾತಿಗೆ ತೂಕ ಇರುತ್ತದೆ.

ಪ್ರಶ್ನೆ: ಮೇಡಂ, ನಾನು ಬಿಎ ಅರ್ಥಶಾಸ್ತ್ರ ಓದುತ್ತಿದ್ದೇನೆ. ಕೊರತೆ 3 ಶೇಕಡದೊಳಗೆ ಇರಬೇಕು ಎಂದು ಪಾಠದಲ್ಲಿದೆ. ಕೇರಳ ಜಾಸ್ತಿ ಸಾಲ ಬೇಕು ಎನ್ನುತ್ತದೆ, ಕೇಂದ್ರ ಬೇಡ ಎನ್ನುತ್ತದೆ. ಯಾರು ಸರಿ? (ವಿದ್ಯಾರ್ಥಿನಿ, ಕಾಸರಗೋಡು)

ಉತ್ತರ: ರಾಜ್ಯದ ಒಟ್ಟು ಉತ್ಪನ್ನದ 3 ಶೇಕಡ ಎಂಬ ಗೆರೆ ಬಂದು ಇಪ್ಪತ್ತು ವರ್ಷ ದಾಟಿತು. ಕರ್ನಾಟಕ 2002ರಲ್ಲಿ, ಕೇರಳ ಮತ್ತು ಕೇಂದ್ರ 2003ರಲ್ಲಿ ಇದಕ್ಕೆಂದೇ ಕಾನೂನು ಮಾಡಿದವು. ಕೇಂದ್ರದ ಹಳೆ ಸಾಲ ಇನ್ನೂ ತೀರಿಸದ ರಾಜ್ಯ ಹೊಸ ಸಾಲ ತೆಗೆಯಬೇಕಾದರೆ ಸಂವಿಧಾನದ 293ನೇ ವಿಧಿಯ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು. ರಸ್ತೆ, ಕಟ್ಟಡಗಳಿಗೆ ದುಡ್ಡು ಹೊಂದಿಸುವ ಕಿಫ್ಬಿ ಎಂಬ ಕೇರಳ ಸರ್ಕಾರದ ಸಂಸ್ಥೆಯ ಮೂಲಕ ತೆಗೆದ ಸಾಲವೂ ರಾಜ್ಯದ ಸಾಲವೇ ಎಂದು ಕೇಂದ್ರ ಸೇರಿಸಿತು. ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲಿನಲ್ಲಿ ಕೋರ್ಟು ಅದನ್ನು ಸಂವಿಧಾನ ಪೀಠಕ್ಕೆ ಕಳುಹಿಸಿತು.

ನನ್ನ ಅಭಿಪ್ರಾಯ ಕೇಳಿದ್ದೀರಿ. ಎರಡು ಮಾತು ಹೇಳುತ್ತೇನೆ. ಹಂಚಿಕೆಯ ವಿಷಯದಲ್ಲಿ ಕೇರಳದ ದೂರು ಸುಳ್ಳಲ್ಲ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ 10ನೇ ಹಣಕಾಸು ಆಯೋಗದ ಕಾಲಕ್ಕೆ ಕೇರಳದ ಪಾಲು 3.875 ಶೇಕಡ ಇತ್ತು. 15ನೇ ಆಯೋಗಕ್ಕೆ ಬರುವಾಗ 1.925. ಜನಸಂಖ್ಯೆ ಹಿಡಿತಕ್ಕೆ ತಂದು, ಶಾಲೆ ಆಸ್ಪತ್ರೆ ಕಟ್ಟಿದ ರಾಜ್ಯಕ್ಕೆ ಇದು ದೊಡ್ಡ ಪೆಟ್ಟು. ಆದರೆ ಬಜೆಟ್ ಪುಸ್ತಕದ ಹೊರಗೆ ಸಾಲ ಇಡುವುದೂ ಸರಿಯಲ್ಲ. ಕಿಫ್ಬಿಯಿಂದ ಒಳ್ಳೆಯ ಶಾಲೆ ಕಟ್ಟಡಗಳು ಬಂದಿವೆ, ನಾನೇ ನೋಡಿದ್ದೇನೆ. ಆ ಸಾಲ ತೀರಿಸುವುದು ನಮ್ಮ ವಾಹನ ತೆರಿಗೆ ಮತ್ತು ಪೆಟ್ರೋಲ್ ಸೆಸ್‌ನಿಂದ ತಾನೇ? ಹಾಗಾದರೆ ಅದೂ "ಕೊಡಲಿಕ್ಕುಂಟು" ಪುಟದಲ್ಲಿ ಇರಬೇಕು.

ಸಾಲ ಎಷ್ಟು ಎನ್ನುವುದಕ್ಕಿಂತ ಯಾವುದಕ್ಕೆ ಎನ್ನುವುದನ್ನು ನೋಡಿ. ಅಡಿಕೆ ಸಸಿ ನೆಡಲಿಕ್ಕೆ ಸಾಲ ಮಾಡಿದರೆ ಐದಾರು ವರ್ಷಕ್ಕೆ ಫಸಲು ಬರುತ್ತದೆ. ದಿನದ ಅಕ್ಕಿ, ತರಕಾರಿಗೆ ಸಾಲ ಮಾಡಿದರೆ ನಾಳೆಯೂ ಅಕ್ಕಿ ಬೇಕು, ಸಾಲವೂ ಉಳಿಯಿತು. ನಿಮ್ಮ ಪಾಠದಲ್ಲಿ ಎರಡನೆಯದಕ್ಕೆ ಕಂದಾಯ ಕೊರತೆ ಎನ್ನುತ್ತಾರೆ. ಕೇರಳದ ಹಳೆ ಕಾಯಿಲೆ ಅದು.

ಪೆಟ್ರೋಲ್ ಎಂದದ್ದಕ್ಕೆ ನೆನಪಾಯಿತು. ಅದು ಜಿಎಸ್‌ಟಿಯ ಹೊರಗಿದೆ, ಒಂದೊಂದು ರಾಜ್ಯದಲ್ಲಿ ಒಂದೊಂದು ತೆರಿಗೆ. ಕೇರಳ 2023ರ ಏಪ್ರಿಲಿನಿಂದ ಲೀಟರಿಗೆ ಎರಡು ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಹಾಕಿತು. ಮಂಜೇಶ್ವರದವರು ಏನು ಮಾಡುತ್ತಾರೆ? ಗಡಿಯ ತಲಪಾಡಿ ದಾಟಿ ಕರ್ನಾಟಕದಲ್ಲಿ ಟ್ಯಾಂಕ್ ತುಂಬಿಸಿ ಬರುತ್ತಾರೆ. ಎರಡು ರೂಪಾಯಿ ಮಾತ್ರ ಅಲ್ಲ, ಆ ಲೀಟರಿನಲ್ಲಿ ರಾಜ್ಯಕ್ಕೆ ಸಿಗುವ ಇಡೀ ತೆರಿಗೆಯೇ ಕರ್ನಾಟಕಕ್ಕೆ ಹೋಯಿತು. ಪ್ರಾಜೆಕ್ಟ್ ಮಾಡಲಿಕ್ಕೆ ವಿಷಯ ಬೇಕಿದ್ದರೆ ಒಂದು ದಿನ ತಲಪಾಡಿಯ ಪಂಪಿನ ಹತ್ತಿರ ನಿಂತು ಕೆಎಲ್ ನಂಬರಿನ, ಅಂದರೆ ಕೇರಳದ, ಗಾಡಿ ಎಣಿಸಿ. ಆ ಎಣಿಕೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಪ್ರಶ್ನೆ: ಪಂಚಾಯತಿನ ಬಜೆಟ್ ಪುಸ್ತಕ ಮಲಯಾಳದಲ್ಲಿದೆ. ನನಗೆ ಮಾತು ಅರ್ಥವಾಗುತ್ತದೆ, ಓದಲಿಕ್ಕೆ ಬರುವುದಿಲ್ಲ. ಲೆಕ್ಕ ಕೇಳಬೇಕು ಎನ್ನುತ್ತೀರಿ, ಹೇಗೆ ಕೇಳುವುದು? (ಓದುಗರು, ಮಂಜೇಶ್ವರ)

ಉತ್ತರ: ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ ಪ್ರಶ್ನೆ. ಭಾಷೆಯ ಪ್ರಶ್ನೆ ಬೇರೆ, ಹಣದ ಪ್ರಶ್ನೆ ಬೇರೆ ಎಂದು ನಮ್ಮವರೇ ತಿಳಿದುಕೊಂಡಿದ್ದಾರೆ. ಓದಲಿಕ್ಕೆ ಬಾರದ ಲೆಕ್ಕವನ್ನು ಯಾರು ಪ್ರಶ್ನಿಸುತ್ತಾರೆ? ಪ್ರಶ್ನೆ ಬಾರದ ಲೆಕ್ಕದಲ್ಲಿ ಸೋರುವುದು ಜಾಸ್ತಿ.

ದೂರದ ಉಗಾಂಡದ ಕಥೆ ಒಂದಿದೆ. 1990ರ ದಶಕದಲ್ಲಿ ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಮಗುವಿಗೆ ಇಷ್ಟು ಎಂದು ದುಡ್ಡು ಕಳುಹಿಸುತ್ತಿತ್ತು. ನಡುವೆ ಏನಾಗುತ್ತದೆ ಎಂದು ಸರ್ವೆ ಮಾಡಿ ನೋಡಿದರು. 1991ರಿಂದ 95ರ ತನಕ ಶಾಲೆಗೆ ಮುಟ್ಟಿದ್ದು ಸರಾಸರಿ 13 ಶೇಕಡ ಮಾತ್ರ! ಆಮೇಲೆ ಸರ್ಕಾರ ಯಾವ ಜಿಲ್ಲೆಗೆ ಎಷ್ಟು ಕಳುಹಿಸಿತು ಎಂದು ಪತ್ರಿಕೆಗಳಲ್ಲಿ ಹಾಕಿಸಿತು. ಬಂದ ದುಡ್ಡನ್ನು ಶಾಲೆಯ ಗೋಡೆಯಲ್ಲಿ ಬರೆಯಬೇಕು ಎಂದಿತು. 2001ರ ಹೊತ್ತಿಗೆ 80 ಶೇಕಡಕ್ಕಿಂತ ಜಾಸ್ತಿ ಮುಟ್ಟುತ್ತಿತ್ತು. ಅದೊಂದರಿಂದಲೇ ಆಯಿತೇ ಎಂಬ ಚರ್ಚೆ ಪಂಡಿತರಲ್ಲಿ ಇದೆ. ಆದರೆ ಊರಿನ ತಾಯಂದಿರು ಓದಿ ಕೇಳಬಹುದಾದ ಭಾಷೆಯಲ್ಲಿ ಅಂಕಿ ಇದ್ದರೆ ನಡುವಿನ ಕೈಗಳಿಗೆ ಕಷ್ಟ, ಇದರಲ್ಲಿ ನನಗೆ ಸಂಶಯ ಇಲ್ಲ.

ನಮ್ಮಲ್ಲಿ ಕಾನೂನು ಇದೆ. 1969ರ ಕೇರಳ ಆಡಳಿತ ಭಾಷಾ ಕಾನೂನಿನ ಪ್ರಕಾರ ಕನ್ನಡ ಭಾಷಾ ಅಲ್ಪಸಂಖ್ಯಾತರು ಸರ್ಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. 1994ರ ಕೇರಳ ಪಂಚಾಯತ್ ರಾಜ್ ಕಾನೂನು ಇನ್ನೂ ಮುಂದೆ ಹೋಗಿದೆ. ಬಜೆಟಿನಲ್ಲಿ ಯಾವುದಕ್ಕೆ ಎಷ್ಟು, ನಮ್ಮ ವಾರ್ಡಿನ ಕೆಲಸದ ಎಸ್ಟಿಮೇಟ್ ಎಷ್ಟು, ಸಾಮಾನಿಗೆ ಎಷ್ಟು, ಇದನ್ನು ತಿಳಿಯುವ ಹಕ್ಕನ್ನು ಗ್ರಾಮಸಭೆಗೇ ಕೊಟ್ಟಿದೆ. ಮೂರು ತಿಂಗಳಿಗೊಮ್ಮೆ ಸಭೆ ಸೇರಬೇಕು, ವಾರ್ಡಿನ ಮತದಾರರಲ್ಲಿ 10 ಶೇಕಡ ಇರಬೇಕು. ಊರಿನ ಕೆಲಸಗಳನ್ನು ಜನರೇ ಕೂತು ಯೋಜಿಸಿದ 1996ರ ಜನಕೀಯ ಯೋಜನೆಯ ಕಾಲದಲ್ಲಿ ಶಾಲೆಯ ಬೆಂಚು ಸಾಲದೆ ಜನ ಅಂಗಳದಲ್ಲಿ ನಿಂತದ್ದನ್ನು ನಾನು ಕಂಡಿದ್ದೇನೆ. ಈಗ ಸಹಿ ಹಾಕಿ ಚಹಾ ಕುಡಿದು ಹೋಗುವವರೇ ಜಾಸ್ತಿ.

ಇಡೀ ಬಜೆಟ್ ಪುಸ್ತಕ ಅನುವಾದ ಮಾಡಿ ಕೊಡಿ ಎಂದು ಕೇಳಬೇಡಿ, ಆರು ತಿಂಗಳು ಕಾಯಿಸುತ್ತಾರೆ. ಒಂದು ಹಾಳೆ ಕೇಳಿ. ನಿಮ್ಮ ವಾರ್ಡಿಗೆ ಈ ವರ್ಷ ಇಟ್ಟ ಕೆಲಸಗಳು, ಒಂದೊಂದಕ್ಕೆ ಇಟ್ಟ ದುಡ್ಡು, ಮುಗಿದದ್ದು, ಪಾವತಿ ಬಾಕಿ ಇರುವುದು. ಕನ್ನಡದಲ್ಲಿ, ನೋಟಿಸ್ ಬೋರ್ಡಿನಲ್ಲಿ. ಅರ್ಜಿಯನ್ನು ಗ್ರಾಮಸಭೆಯಲ್ಲೇ ಕೊಡಿ, ಐದಾರು ಮಂದಿ ನೆರೆಕರೆಯವರ ಸಹಿ ಹಾಕಿಸಿ, ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರನ್ನು ಕರೆದುಕೊಳ್ಳಿ. ಅವರು ವಾರವಾರ ಲೆಕ್ಕ ಬರೆಯುವವರು, ಅಂಕಿ ಕಂಡರೆ ಹೆದರುವುದಿಲ್ಲ. ಸಭೆಯ ಮಿನಿಟ್ಸ್ ಪುಸ್ತಕದಲ್ಲಿ ನಿಮ್ಮ ಬೇಡಿಕೆ ಬರೆದ ಮೇಲೆಯೇ ಏಳಿ. ಬರೆದದ್ದನ್ನು ಓದಿ ಹೇಳಲಿಕ್ಕೆ ಹೇಳಿ. ಮುಂದಿನ ಸಭೆಗೆ ಹೋದಾಗ ಮೊದಲು ಆ ಪುಟವನ್ನೇ ತೆರೆಸಿ.